ಎರಡು ಮೀಟರಿನ ಮನೆ

ಕೆಟರಿಂಗ್
9 ಸೆಪ್ಟೆಂಬರ್ 2018

ಪ್ರಿಯ ಇಶ್ಬೆಲ್,

ಕವರಿನ ಮೇಲೆ ನನ್ನ ಅಕ್ಷರ ನೋಡಿ ನೀವು ಮುಖ ಸಿಂಡರಿಸಿರಬಹುದು. ಫೋನ್ ಮಾಡಬಹುದಿತ್ತು. ಆದರೆ ಹೋದ ಸಲ ಫೋನಿನಲ್ಲಿ ಮಾತಾಡಿ ಏನಾಯಿತೆಂದು ನಿಮಗೂ ನೆನಪಿದೆ, ನೀವು ರಿಸೀವರ್ ಕುಕ್ಕಿದ ಸದ್ದು ನನಗೂ ನೆನಪಿದೆ. ಕಾಗದವನ್ನು ಕುಕ್ಕಲು ಬರುವುದಿಲ್ಲ. ಹರಿಯಬಹುದು, ಹರಿದರೆ ನನಗೆ ಕೇಳಿಸುವುದಿಲ್ಲ. ಹಾಗಾಗಿ ನಮ್ಮಂಥ ಬೀಗಿತ್ತಿಯರಿಗೆ ಕಾಗದವೇ ಲೇಸು.

ಮೊನ್ನೆ ಗ್ಯಾವಿನ್ ಸಮುದ್ರದ ನಡುವಿನ ತನ್ನ ಎಣ್ಣೆ ರಿಗ್‌ನಿಂದ ಫೋನ್ ಮಾಡಿದ್ದ. ನಿಮ್ಮ ಮನೆಯ ಕರೆಂಟ್ ಬಿಲ್ ಕಟ್ಟುವವನು ಅವನೇ ತಾನೇ? "ಅಮ್ಮಾ, ವಿಕ್‌ನಿಂದ ಬರೋ ಬಿಲ್ ನೋಡಿದ್ರೆ ಅಲ್ಲಿ ಮಗು ಸಾಕ್ತಿದಾರೋ ಮೀನು ಒಣಗಿಸ್ತಿದಾರೋ ಗೊತ್ತಾಗಲ್ಲ" ಅಂದ. ನಾನು ನಿಮ್ಮ ಪರವಾಗಿಯೇ ಮಾತಾಡಿದೆ. "ಹಾಗನ್ನಬೇಡ ಕಣೋ, ಪಾಪ, ಅವರಿಗೆ ಲೆಕ್ಕಾಚಾರ ಬರಲ್ಲ ಅಷ್ಟೇ" ಅಂದೆ.

ನಿಮ್ಮ ಮಗಳು ಕಟ್ರೀನ ತೀರಿಕೊಂಡು ವರ್ಷವಾಯಿತು. ಹೊಸ ವರ್ಷಕ್ಕೆ ಊರಿಗೆ ಬಂದಾಗ ಮಿರೆನ್ ನಿಮ್ಮ ಹತ್ತಿರವೇ ಇರಬೇಕೋ ನನ್ನ ಹತ್ತಿರ ಬರಬೇಕೋ ತೀರ್ಮಾನ ಮಾಡುತ್ತೇನೆಂದು ಹೇಳಿದ. ತಂದೆ ಅವನು, ಮಾಡಲಿ. ಆದರೆ ಹೆಣ್ಣುಮಗುವಿನ ಭವಿಷ್ಯ ಒಂದು ಕರೆಂಟ್ ಬಿಲ್ಲಿನ ಮೇಲೆ ನಿಲ್ಲುವುದು ನನಗೆ ಇಷ್ಟವಿಲ್ಲ. ಬಿಲ್ ಇಳಿಸುವ ದಾರಿ ನನಗೆ ಗೊತ್ತು. ಹೇಳಿಕೊಡಲೇ?

ಹುಟ್ಟುಹಬ್ಬಕ್ಕೆ ಕಳಿಸಿದ ಕೆಂಪು ಕೋಟು ಮಿರೆನ್‌ಗೆ ಸರಿಹೊಂದಿತೇ? ನೀವು ತಿಳಿಸಲೇ ಇಲ್ಲ.

ನಿಮ್ಮ
ಥೆಲ್ಮಾ

*

ವಿಕ್
17 ಸೆಪ್ಟೆಂಬರ್ 2018

ಥೆಲ್ಮಾ ಅವರಿಗೆ,

ಕೋಟು ಸರಿಹೊಂದಲಿಲ್ಲ. ತೋಳು ಉದ್ದ, ಬಣ್ಣ ಪೋಸ್ಟ್ ಡಬ್ಬಿಯದು. ಚರ್ಚಿನ ಸಂತೆಗೆ ಕೊಟ್ಟೆ, ಯಾರೋ ಎರಡು ಪೌಂಡಿಗೆ ಕೊಂಡರು. ಮಿರೆನ್‌ಗೆ ಕೋಟಿದೆ. ಅವಳ ಅಮ್ಮ ಆರು ವರ್ಷದವಳಿದ್ದಾಗ ಹಾಕಿಕೊಳ್ಳುತ್ತಿದ್ದದ್ದು, ನೀಲಿ, ನಾನೇ ಹೊಲಿದದ್ದು.

ಲೆಕ್ಕದ ವಿಷಯ. ಹತ್ತೊಂಬತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಆಲೂಗಡ್ಡೆ, ಕೈಮಾ ಬಡಿಸಿದವಳು ನಾನು. ಒಂದು ದಿನವೂ ಸಾಲದೆ ಬಂದಿಲ್ಲ, ಒಂದು ದಿನವೂ ಚೆಲ್ಲಿಲ್ಲ. ನಿಮ್ಮ ಮಗನಿಗೆ ಮಾತ್ರ ಒಂದು ಮೊಟ್ಟೆ ಬೇಯಿಸಲು ಬರುವುದಿಲ್ಲ. ಮದುವೆಯಾದ ಹೊಸದರಲ್ಲಿ ಕಟ್ರೀನ, "ಅಮ್ಮಾ, ಇವ್ನಿಗೆ ಇವ್ರಮ್ಮ ನೀರು ಕುದ್ಸೋದೂ ಹೇಳ್ಕೊಟ್ಟಿಲ್ಲ" ಅಂತ ನಗುತ್ತಿದ್ದಳು. ಆಗ ನಾನು ನಿಮ್ಮ ಪರವಾಗಿ ಮಾತಾಡಿದ ನೆನಪಿಲ್ಲ.

ದೇಶದ ಈ ಉತ್ತರ ತುದಿಯಲ್ಲಿ, ನಮ್ಮ ಬೀದಿಗೆ ಗ್ಯಾಸ್ ಪೈಪ್ ಬಂದಿಲ್ಲ. ಬೆಂಕಿಗೂಡನ್ನು ಮನೆ ಬಾಡಿಗೆಗೆ ಕೊಟ್ಟಿರುವ ಕೌನ್ಸಿಲ್‌ನವರು ಇಟ್ಟಿಗೆ ಇಟ್ಟು ಮುಚ್ಚಿದರು. ಅಡುಗೆ, ಸ್ನಾನ, ಮನೆಯ ಕಾವು ಎಲ್ಲವೂ ಕರೆಂಟಿನದೇ. ಗೋಡೆಗೆ ಒರಗಿದ ನಾಲ್ಕು ಹೀಟರ್‌ಗಳಿವೆ, ಹೊಟ್ಟೆ ತುಂಬ ಇಟ್ಟಿಗೆ. ರಾತ್ರಿ ಇಟ್ಟಿಗೆ ಕಾಯುತ್ತದೆ, ಹಗಲೆಲ್ಲ ಕಾವು ಬಿಡುತ್ತದೆ. ಉತ್ತರದ ಗಾಳಿ ಕೆಟರಿಂಗ್‌ನಲ್ಲಿ ಬೀಸುವುದಿಲ್ಲ, ಇಲ್ಲಿ ಬಾಗಿಲು ತಟ್ಟದೆಯೇ ಒಳಗೆ ಬರುತ್ತದೆ.

ಹಾಗೆಂದು ಗ್ಯಾವಿನ್ನನ ಹಣದಲ್ಲಿ ಮೈ ಕಾಯಿಸಿಕೊಳ್ಳುತ್ತಿದ್ದೇನೆ ಎಂಬ ಮಾತು ನನಗೆ ಬೇಡ. ನಿಮಗೆ ಗೊತ್ತಿರುವ ದಾರಿ ಯಾವುದು, ಬರೆಯಿರಿ. ಓದುವುದಕ್ಕೆ ಖರ್ಚಿಲ್ಲ.

ಇಶ್ಬೆಲ್ ಸ್ವಾನ್ಸನ್

*

ಕೆಟರಿಂಗ್
24 ಸೆಪ್ಟೆಂಬರ್ 2018

ಪ್ರಿಯ ಇಶ್ಬೆಲ್,

ಕೋಟಿಗೆ ನಲವತ್ತೆರಡು ಪೌಂಡ್ ಕೊಟ್ಟಿದ್ದೆ. ಇರಲಿ, ಚರ್ಚಿಗೆ ಪುಣ್ಯ ಬರಲಿ.

ದಾರಿ ಬಹಳ ಸುಲಭ. ನಾನು ನಾಲ್ಕು ವರ್ಷದಲ್ಲಿ ಆರು ಕರೆಂಟ್ ಕಂಪನಿ ಬದಲಿಸಿದ್ದೇನೆ. ತಂತಿ ಅದೇ, ಬಲ್ಬ್ ಅದೇ, ಬಿಲ್ಲಿನ ಮೇಲಿನ ಹೆಸರು ಮಾತ್ರ ಬೇರೆ. ಹೊಸ ಗಿರಾಕಿಗೆ ಕಂಪನಿಯವರು ತಟ್ಟೆ ತುಂಬ ಬಡಿಸುತ್ತಾರೆ, ಹಳೇ ಗಿರಾಕಿಗೆ ತಟ್ಟೆ ತೊಳೆಯಲು ಬಿಡುತ್ತಾರೆ. ಅದಕ್ಕೇ ಯಾವತ್ತೂ ಹೊಸಬಳಾಗಿಯೇ ಇರಬೇಕು. ನನ್ನ ನೆರೆಯವರು ನನ್ನನ್ನು ಕಂಡರೆ, "ಥೆಲ್ಮಾ, ಈ ತಿಂಗಳು ಯಾರ ಮನೆ ಸೊಸೆ?" ಎಂದು ಕೇಳುತ್ತಾರೆ.

ಮೂರು ಸಂಗತಿ ನೋಡಬೇಕು. ಯೂನಿಟ್ಟಿಗೆ ಎಷ್ಟು, ದಿನಕ್ಕೆ ಸುಮ್ಮನೆ ಕಟ್ಟುವ ಬಾಡಿಗೆ ಎಷ್ಟು, ಕೊನೆಗೆ ಕ್ಯಾಶ್‌ಬ್ಯಾಕ್ ಎಷ್ಟು. ಕ್ಯಾಶ್‌ಬ್ಯಾಕ್ ಕೊಡುವ ಜಾಲತಾಣಗಳಿವೆ. ಅವುಗಳ ಮೂಲಕ ಹೋಗಿ ಕಂಪನಿ ಸೇರಿದರೆ ಆ ಕಂಪನಿ ಜಾಲತಾಣಕ್ಕೆ ಕಮಿಷನ್ ಕೊಡುತ್ತದೆ, ಜಾಲತಾಣ ಅದರಲ್ಲಿ ನಮಗೆ ಪಾಲು ಕೊಡುತ್ತದೆ. ಮೂರು ತಿಂಗಳು ಕಾಯಬೇಕು.

ನಿಮ್ಮ ವಿಳಾಸ ಹಾಕಿ ನೋಡಿದೆ. ಎರಡು ಅವಕಾಶ ಇವೆ. ಮೊದಲನೆಯದು, ನೀವೀಗ ಇರುವ ಕಂಪನಿಯಲ್ಲೇ ಉಳಿದು ಒಂದು ವರ್ಷ ದರ ಏರದಂತೆ ಬರೆಸಿಕೊಳ್ಳುವುದು. ಅದಕ್ಕೆ ಮೂವತ್ತು ಪೌಂಡ್ ವಾಪಸು. ಎರಡನೆಯದು ಹೊಸ ಕಂಪನಿ. ಎಂಬತ್ತೈದು ಪೌಂಡ್ ಕ್ಯಾಶ್‌ಬ್ಯಾಕ್, ಯೂನಿಟ್ ದರ ನಿಮ್ಮ ಅಡುಗೆಮನೆಯ ದರಕ್ಕಿಂತ ಕಡಿಮೆ, ಮೇಲೆ ಪುಕ್ಕಟೆ ಹೊಸ ಮೀಟರ್. ಮೂವತ್ತು ಪೌಂಡಿನದನ್ನು ಸಾಮಾನ್ಯವಾಗಿ ಹೆದರುಪುಕ್ಕಲರು ತೆಗೆದುಕೊಳ್ಳುತ್ತಾರೆ. ಆದರೆ ಇದೇ ಆರಿಸಿ ಎಂದು ನಾನು ಹೇಳುವುದಿಲ್ಲ, ನಿಮ್ಮ ಮನೆ, ನಿಮ್ಮ ಇಷ್ಟ.

ಕಂಪ್ಯೂಟರ್ ಕೆಲಸವೆಲ್ಲ ನಾನು ಮಾಡುತ್ತೇನೆ. ಕ್ಯಾಶ್‌ಬ್ಯಾಕ್ ನನ್ನ ಖಾತೆಗೆ ಬಂದರೂ ಪೂರ್ತಿ ಮಿರೆನ್‌ಗೇ ಖರ್ಚು ಮಾಡುತ್ತೇನೆ, ಮಾತು ಕೊಟ್ಟೆ. ಅವಳದೊಂದು ಫೋಟೋ ಕಳಿಸಿ.

ಥೆಲ್ಮಾ

*

ವಿಕ್
3 ಅಕ್ಟೋಬರ್ 2018

ಥೆಲ್ಮಾ ಅವರಿಗೆ,

ನಿಮ್ಮ ಕಾಗದ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗಿತ್ತು. ಆರಿಸಿ ಅನ್ನುವುದಿಲ್ಲವಂತೆ! ನಾನು ಮೂವತ್ತನ್ನು ಆರಿಸಲಿ, "ನೋಡೋ, ನಿನ್ ಅತ್ತೆಗೆ ಐವತ್ತೈದು ಪೌಂಡ್ ಬೇಡ್ವಂತೆ" ಎಂದು ಗ್ಯಾವಿನ್ನನಿಗೆ ಹೇಳೋಣ ಎಂದು ಬಾಯಿ ಬಿಟ್ಟುಕೊಂಡು ಕೂತಿದ್ದೀರಿ. ಅಷ್ಟು ತಿಳಿಯದವಳಲ್ಲ ನಾನು.

ಎಂಬತ್ತೈದರದ್ದೇ ಮಾಡಿ. ಹೊಸ ವರ್ಷಕ್ಕೆ ನಿಮ್ಮ ಮಗ ಬಂದಾಗ ಬಿಲ್ಲನ್ನು ಅವನ ತಟ್ಟೆಯ ಪಕ್ಕದಲ್ಲೇ ಇಡುತ್ತೇನೆ.

ಬೀರುವಿನೊಳಗೆ ಎರಡು ಮೀಟರ್ ಇವೆ. ಒಂದು ದೀಪಕ್ಕೂ ಅಡುಗೆಗೂ, ಇನ್ನೊಂದು ಹೀಟರ್‌ಗಳಿಗೇ ಮೀಸಲು. ಅದನ್ನು ಕಂಪನಿಯವರೇ ದೂರದಿಂದ ರೇಡಿಯೋ ಸಂಕೇತ ಕಳಿಸಿ ಹಚ್ಚುತ್ತಾರೆ, ಆರಿಸುತ್ತಾರೆ. ಚಳಿ ನೋಡಿ ಹಚ್ಚುತ್ತಾರೆ, ಅದರ ದರವೂ ಕಡಿಮೆ. ಎರಡರ ನಂಬರನ್ನೂ ಹಾಳೆಯ ಹಿಂದೆ ಬರೆದಿದ್ದೇನೆ.

ಮಿರೆನ್ ಚೆನ್ನಾಗಿದ್ದಾಳೆ. ಮುಂದಿನ ಎರಡು ಹಲ್ಲು ಬಿದ್ದಿವೆ. ಫೋಟೋ ಕಳಿಸಿ ಎಂದು ಕೇಳಿದ್ದಿರಿ, ಹಲ್ಲು ಬಂದ ಮೇಲೆ ನೋಡೋಣ.

ಇಶ್ಬೆಲ್

*

ಕೆಟರಿಂಗ್
8 ಅಕ್ಟೋಬರ್ 2018

ಪ್ರಿಯ ಇಶ್ಬೆಲ್,

ಕೆಲಸ ಮುಗಿಯಿತು. ಎರಡೂ ಮೀಟರಿನ ನಂಬರ್ ಕೊಟ್ಟಿದ್ದೇನೆ. ಎರಡನ್ನೂ ಕಿತ್ತು ಒಂದೇ ಒಂದು ಹೊಸ ಮೀಟರ್ ಹಾಕಿಕೊಡುತ್ತಾರೆ, ನವೆಂಬರ್‌ನಲ್ಲಿ ಆಳು ಬರುತ್ತಾನೆ. ಹದಿನಾಲ್ಕು ದಿನದೊಳಗೆ ಮನಸ್ಸು ಬದಲಾದರೆ ಬೇಡವೆನ್ನಬಹುದು, ಅದು ಕಾನೂನು. ನಿಮ್ಮಂಥ ಗಟ್ಟಿಗಿತ್ತಿಗೆ ಅದರ ಅಗತ್ಯ ಬೀಳಲಾರದು.

ನನ್ನ ಮೇಲಿನ ಕೋಣೆಗೆ ಹಳದಿ ಬಣ್ಣ ಹೊಡೆಸಿದೆ. ಸುಮ್ಮನೆ, ಗೋಡೆ ಹಳತಾಗಿತ್ತು.

ಥೆಲ್ಮಾ

*

ವಿಕ್
12 ಅಕ್ಟೋಬರ್ 2018

ಥೆಲ್ಮಾ ಅವರಿಗೆ,

ಅವಸರದಲ್ಲಿ ಬರೆಯುತ್ತಿದ್ದೇನೆ. ಹಳೆಯ ಕಂಪನಿಯ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. "ಮೇಡಂ, ನಿಮ್ದು ಎರಡು ಮೀಟರ್ ಮನೆ. ಈ ಹೀಟರ್ ದರ ಒಂದ್ಸಲ ಬಿಟ್ರೆ ಮತ್ತೆ ಸಿಗಲ್ಲ. ನಿಜವಾಗ್ಲೂ ಹೋಗ್ತೀರಾ?" ಎಂದಳು. ಯೋಚಿಸಿ ಹೇಳುತ್ತೇನೆ ಎಂದೆ.

ಮತ್ತೆ ಸಿಗಲ್ಲ ಅಂದರೆ ಏನು? ಕಂಪ್ಯೂಟರಿನಲ್ಲಿ ನೋಡಿದವರು ನೀವು. ನಿಮಗೆ ಇದು ಗೊತ್ತಿತ್ತೇ? ಇನ್ನೂ ಹತ್ತು ದಿನ ಇದೆ. ಬೇಗ ಬರೆಯಿರಿ.

ಇಶ್ಬೆಲ್

*

ಕೆಟರಿಂಗ್
15 ಅಕ್ಟೋಬರ್ 2018

ಪ್ರಿಯ ಇಶ್ಬೆಲ್,

ನಿಮ್ಮ ಕಾಗದ ಓದಿ ನನಗೆ ನಗು ಬಂತು, ಕ್ಷಮಿಸಿ. ಗಿರಾಕಿ ಎದ್ದು ಹೊರಟಾಗ ಎಲ್ಲ ಕಂಪನಿಗಳೂ ಇದೇ ಹಾಡು ಹಾಡುತ್ತವೆ. ನನಗೂ ಆರು ಸಲ ಹಾಡಿದ್ದಾರೆ. ಮೊದಲ ಸಲ ನಾನೂ ಹೆದರಿ ಒಂದು ವರ್ಷದ ಉಳಿತಾಯ ಕಳೆದುಕೊಂಡೆ. ಆ ಹುಡುಗಿಗೆ ಒಬ್ಬೊಬ್ಬರನ್ನು ತಡೆದು ನಿಲ್ಲಿಸಿದ್ದಕ್ಕೂ ಇಂತಿಷ್ಟು ಎಂದು ಸಂಬಳದ ಮೇಲೆ ಸಿಗುತ್ತದೆ.

ಆದರೂ ಧೈರ್ಯವಿಲ್ಲದಿದ್ದರೆ ಹೇಳಿಬಿಡಿ, ಈಗಲೇ ರದ್ದು ಮಾಡುತ್ತೇನೆ. ನಿನ್ನ ಅತ್ತೆಗೆ ಕೊನೆ ಗಳಿಗೆಯಲ್ಲಿ ಕಾಲು ನಡುಗಿತು ಎಂದು ಗ್ಯಾವಿನ್ನನಿಗೆ ನಾನು ಮೆತ್ತಗೆ ತಿಳಿಸುತ್ತೇನೆ. ಅವನೇನೂ ಅಂದುಕೊಳ್ಳುವುದಿಲ್ಲ.

ಥೆಲ್ಮಾ

*

ವಿಕ್
14 ನವೆಂಬರ್ 2018

ಥೆಲ್ಮಾ ಅವರಿಗೆ,

ನನ್ನ ಕಾಲು ನಡುಗುವುದಿಲ್ಲ. ನಿಮ್ಮ ಕಾಗದಕ್ಕೆ ಉತ್ತರ ಬರೆಯದಿದ್ದದ್ದೇ ಉತ್ತರ.

ನಿನ್ನೆ ಮೀಟರಿನವನು ಬಂದು ಹೋದ. ಎರಡು ಹಳೆಯ ಕಪ್ಪು ಪೆಟ್ಟಿಗೆಗಳನ್ನು ಕಿತ್ತು ಒಂದು ಬಿಳಿಯದನ್ನು ಅಂಟಿಸಿದ. ಜೊತೆಗೊಂದು ಪುಟ್ಟ ಪರದೆ ಕೊಟ್ಟಿದ್ದಾನೆ. ಈ ಕ್ಷಣಕ್ಕೆ ಎಷ್ಟು ಖರ್ಚಾಗುತ್ತಿದೆ ಎಂದು ತೋರಿಸುತ್ತದೆ, ಕಡಿಮೆಯಿದ್ದರೆ ಹಸಿರು, ಹೆಚ್ಚಾದರೆ ಕೆಂಪು. ಮಿರೆನ್‌ಗೆ ಅದೇ ಆಟಿಕೆಯಾಗಿದೆ. "ಅಜ್ಜೀ, ಕೆಂಪಾಯ್ತು! ಮತ್ತೆ ಕೆಂಪಾಯ್ತು!" ಎಂದು ಕೂಗುತ್ತಿರುತ್ತಾಳೆ.

ಹೀಟರ್‌ಗಳು ಈಗ ರಾತ್ರಿಯಷ್ಟೇ ಅಲ್ಲ, ಹಗಲೂ ಕರೆಂಟ್ ಎಳೆಯುತ್ತಿವೆ. ಹೊಸದರಲ್ಲಿ ಹೀಗೇ ಇರಬಹುದು. ಎಲ್ಲ ಚೆನ್ನಾಗಿದೆ.

ಇಶ್ಬೆಲ್

*

ಕೆಟರಿಂಗ್
21 ನವೆಂಬರ್ 2018

ಪ್ರಿಯ ಇಶ್ಬೆಲ್,

ಸಂತೋಷ. ಕ್ಯಾಶ್‌ಬ್ಯಾಕ್ ನನ್ನ ಖಾತೆಯಲ್ಲಿ "ಬಾಕಿ ಇದೆ" ಎಂದು ತೋರಿಸುತ್ತಿದೆ, ಜನವರಿಗೆ ಕೈಗೆ ಬರುತ್ತದೆ.

ನಿಮ್ಮ ಕಡೆ ಹಿಮ ಬಿದ್ದಿದೆಯೆಂದು ಸುದ್ದಿಯಲ್ಲಿ ನೋಡಿದೆ. ಭಾನುವಾರ ಮಿರೆನ್ ಫೋನಿನಲ್ಲಿ ಮಾತಾಡುವಾಗ ಎರಡು ಸಲ ಕೆಮ್ಮಿದಳು. ಮನೆ ಬೆಚ್ಚಗಿದೆ ತಾನೇ? ಇಲ್ಲಿ ನಾನು ಬರೀ ತೆಳು ಅಂಗಿಯಲ್ಲಿ ಓಡಾಡುತ್ತೇನೆ. ಗ್ಯಾಸ್ ಹೀಟರಿನ ಕಾವು, ಮೂರೇ ಕೋಣೆ. ಹಳದಿ ಕೋಣೆಯಂತೂ ಬೆಳಿಗ್ಗೆ ಬಿಸಿಲಿಗೆ ಮುದ್ದಾಗಿ ಕಾಯುತ್ತದೆ.

ಥೆಲ್ಮಾ

*

ವಿಕ್
2 ಡಿಸೆಂಬರ್ 2018

ಥೆಲ್ಮಾ ಅವರಿಗೆ,

ಮನೆ ಬೆಚ್ಚಗಿದೆ. ಎಷ್ಟು ಬೆಚ್ಚಗಿದೆ ಎಂದರೆ ನಿನ್ನೆ ಕಿಟಕಿ ತೆರೆಯಬೇಕಾಯಿತು. ಮಿರೆನ್ ಒಳಅಂಗಿಯಲ್ಲೇ ಕುಣಿಯುತ್ತಿದ್ದಳು. ಗಾಜಿನ ಮೇಲೆ ಹಬೆ ಕಟ್ಟಿ ಅದರಲ್ಲಿ ಕುದುರೆ ಬರೆದಳು. ಕೆಮ್ಮು ಶಾಲೆಯಿಂದ ತಂದದ್ದು, ತರಗತಿಗೆ ತರಗತಿಯೇ ಕೆಮ್ಮುತ್ತಿದೆ. ಬಿಲ್ಲಿನ ಚಿಂತೆಯೂ ಇಲ್ಲ.

ಒಂದು ಸಣ್ಣ ವಿಷಯ. ಪಕ್ಕದ ಮನೆಯ ಜೆಸ್ಸಿಯೂ ನನ್ನನ್ನು ನೋಡಿ ಕಂಪನಿ ಬದಲಿಸಿದ್ದಾಳೆ. ಅವಳಿಗೆ ಹೀಟರ್‌ಗಳೂ ದುಬಾರಿ ಹಗಲು ದರದಲ್ಲೇ ಉರಿದು ಒಂದು ವಾರಕ್ಕೇ ಎದೆ ಒಡೆಯುವಷ್ಟು ಬಂದಿದೆಯಂತೆ. ಪಾಪ, ಎಲ್ಲ ಆರಿಸಿ ಕೂತಿದ್ದಾಳೆ. ಹಳೆಯ ಎರಡು ಮೀಟರ್ ವಾಪಸು ಹಾಕಿಸಿಕೊಳ್ಳಲು ಏನು ಮಾಡಬೇಕೆಂದು ಕೇಳುತ್ತಿದ್ದಾಳೆ. ನಿಮಗೆ ಗೊತ್ತಿದ್ದರೆ ತಿಳಿಸಿ, ಅವಳಿಗೆ ಹೇಳುತ್ತೇನೆ. ಅವಸರವಿಲ್ಲ. ಆದರೆ ಕ್ರಿಸ್ಮಸ್‌ಗೆ ಮುಂಚೆ ಆದರೆ ಒಳ್ಳೆಯದು, ಅವಳಿಗೆ.

ಇಶ್ಬೆಲ್

*

ಕೆಟರಿಂಗ್
7 ಡಿಸೆಂಬರ್ 2018

ಪ್ರಿಯ ಇಶ್ಬೆಲ್,

ಜೆಸ್ಸಿಗೆ ಹೇಳಿ, ಆಗುವುದಿಲ್ಲ ಎಂದು. ಆ ದರ ಹೊಸಬರಿಗೆ ಮುಚ್ಚಿ ಬಹಳ ವರ್ಷವಾಯಿತು. ಇದ್ದವರು ಇಟ್ಟುಕೊಳ್ಳಬಹುದಿತ್ತು. ಬಿಟ್ಟವರಿಗೆ ಬಾಗಿಲಿಲ್ಲ. ಎಷ್ಟು ಸಲ ಫೋನ್ ಮಾಡಿದರೂ ಒಂದೇ ಉತ್ತರ ಬರುತ್ತದೆ, ಫೋನ್ ಖರ್ಚು ಬೇರೆ.

ಜೆಸ್ಸಿ ಗಟ್ಟಿ ಹೆಂಗಸಿರಬೇಕು. ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಳ್ಳಲಿ. ಅವಳ ಮನೆಯಲ್ಲಿ ಮಕ್ಕಳು ಇಲ್ಲದಿರುವುದು ಪುಣ್ಯ. ಇದ್ದಿದ್ದರೆ ನಾನೇ ಯಾರಿಗಾದರೂ ಹೇಳಬೇಕಾಗುತ್ತಿತ್ತು.

ಗ್ಯಾವಿನ್ ಮೂವತ್ತನೇ ತಾರೀಖು ನಿಮ್ಮಲ್ಲಿಗೆ ಬರುತ್ತಾನಂತೆ. ಹೊಸ ವರ್ಷದ ಹಬ್ಬ ಚೆನ್ನಾಗಿ ಮಾಡಿ.

ಥೆಲ್ಮಾ

*

ಕೆಟರಿಂಗ್
6 ಜನವರಿ 2019

ಪ್ರಿಯ ಇಶ್ಬೆಲ್,

ನಿನ್ನೆ ಗ್ಯಾವಿನ್ ಒಂದು ಗಂಟೆ ಫೋನಿನಲ್ಲಿ ಮಾತಾಡಿದ. ನಿಮಗೆ ನೇರವಾಗಿ ಹೇಳಲು ಅವನಿಗೆ ನಾಲಗೆ ಏಳಲಿಲ್ಲವಂತೆ. ಚಿಕ್ಕಂದಿನಿಂದಲೂ ಹಾಗೇ, ಮನೆಯಲ್ಲಿ ಏನಾದರೂ ಒಡೆದರೆ ನನ್ನ ಕೈಲೇ ಹೇಳಿಸುತ್ತಿದ್ದ. ಈಗಲೂ ನಾನೇ ಹೇಳಬೇಕಾಗಿದೆ.

ಅವನು ಬಂದ ದಿನ ಮನೆ ಬೆಚ್ಚಗಿತ್ತಂತೆ, ಕುರಿ ಮಾಂಸದ ಸೂಪು ಚೆನ್ನಾಗಿತ್ತಂತೆ. ನೀವು ಬಿಲ್ ತೋರಿಸಲಿಲ್ಲವಂತೆ, ಅವನೂ ಕೇಳಲಿಲ್ಲವಂತೆ. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಎರಡನೇ ದಿನ ಬೆಳಿಗ್ಗೆ ಗಂಜಿ ಕುಡಿಯುತ್ತ ಮಿರೆನ್ ಹೇಳಿದಳಂತೆ, "ಅಪ್ಪಾ, ನೀನು ಹೋಗ್ಬೇಡ. ನೀನು ಬಂದ್ರೆ ಮಾತ್ರ ಗೋಡೆ ಬೆಚ್ಚಗಾಗತ್ತೆ."

ಅವನು ಏನು ಹಾಗಂದ್ರೆ ಎಂದು ಕೇಳಿದ. ಮಗು ತಾನೇ, ಎಲ್ಲ ಹೇಳಿತು. ಕೋಟು ಹಾಕಿಕೊಂಡೇ ಮಲಗುವುದು, ಶಾಲೆಯಿಂದ ಬಂದ ಮೇಲೆ ಗ್ರಂಥಾಲಯ ಮುಚ್ಚುವವರೆಗೂ ಅಲ್ಲಿ ಕೂರುವುದು, ಪರದೆ ಕೆಂಪಾದರೆ ಅಜ್ಜಿ ಅಳುವುದು. ಅಪ್ಪನಿಗೆ ಹೇಳಬಾರದು ಅಂತ ಅಜ್ಜಿ ಹೇಳಿದ್ದನ್ನೂ ಹೇಳಿತು.

ಚಳಿಗಿಂತ ನೀವು ಸುಳ್ಳು ಹೇಳಿಕೊಟ್ಟಿದ್ದಕ್ಕೆ ಅವನಿಗೆ ಹೆಚ್ಚು ನೋವಾಗಿದೆ. ಫೆಬ್ರವರಿಯ ಶಾಲಾ ರಜೆಗೆ ಮಿರೆನ್ ಇಲ್ಲಿಗೆ ಬರುತ್ತಾಳೆ, ಬಂದು ಇಲ್ಲೇ ಇರುತ್ತಾಳೆ. ನೀಲಿ ಕೋಟು ಕಳಿಸುವುದು ಬೇಡ. ಹೊಸದು ಕೊಂಡಿದ್ದೇನೆ, ಕೆಂಪು.

ಥೆಲ್ಮಾ

*

ವಿಕ್
9 ಜನವರಿ 2019

ಥೆಲ್ಮಾ,

ಇನ್ನು ಬಹುವಚನ ನನ್ನ ಬಾಯಿಗೆ ಬರುವುದಿಲ್ಲ.

ಒಂದು ಕೇಳುತ್ತೇನೆ, ನಿಜ ಹೇಳು. ಎರಡು ಮೀಟರಿನ ನಂಬರ್ ಬರೆದು ಕಳಿಸಿದಾಗಲೇ ನಿನಗೆ ಗೊತ್ತಿತ್ತೇ?

ಇಲ್ಲವೆಂದರೆ ನಿನ್ನ ಕಾಲಿಗೆ ಬೀಳುತ್ತೇನೆ. ನಾನು ಬಾಯಿಬಡುಕಿ, ಜಂಬದವಳು, ಒಪ್ಪಿದೆ. ಕಟ್ರೀನಳನ್ನು ಮಣ್ಣು ಮಾಡುವ ದಿನ ನಿನ್ನನ್ನು ಚರ್ಚಿನ ಮುಂದಿನ ಬೆಂಚಿನಲ್ಲಿ ಕೂರಿಸಲಿಲ್ಲ, ಮಗುವನ್ನು ಒಂದು ವಾರಕ್ಕೂ ನಿನ್ನ ಹತ್ತಿರ ಕಳಿಸಲಿಲ್ಲ, ಅದೂ ತಪ್ಪು. ಆದರೆ ನನಗೆ ಇರುವುದು ಅವಳೊಬ್ಬಳೇ. ಕಟ್ರೀನಳ ನಗು ಅವಳ ಬಾಯಲ್ಲಿದೆ. ಕೌನ್ಸಿಲ್‌ಗೆ ಬರೆದಿದ್ದೇನೆ, ಹೊಸ ಹೀಟರ್ ಕೊಡುತ್ತಾರಂತೆ, ಆದರೆ ಬೇಸಿಗೆ ಮುಗಿಯಬೇಕಂತೆ. ಅಲ್ಲಿಯವರೆಗೆ ನಾನು ಶಾಲೆಯ ಕೆಲಸದ ಜೊತೆಗೆ ಮೀನಿನ ಶೆಡ್ಡಿನಲ್ಲೂ ದುಡಿಯುತ್ತೇನೆ, ಹೀಟರ್ ಉರಿಸುತ್ತೇನೆ. ಗ್ಯಾವಿನ್ನನಿಗೆ ನೀನು ಒಂದು ಮಾತು ಹೇಳಿದರೆ ಅವನು ಕೇಳುತ್ತಾನೆ. ಹೇಳು.

ಇಶ್ಬೆಲ್

*

ಕೆಟರಿಂಗ್
16 ಜನವರಿ 2019

ಪ್ರಿಯ ಇಶ್ಬೆಲ್,

ಗೊತ್ತಿತ್ತು.

ನಾನು ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೆ ಎಂದಷ್ಟೇ ನಿಮಗೆ ಗೊತ್ತು, ಯಾವ ಕಚೇರಿ ಎಂದು ಒಂದು ದಿನವೂ ಕೇಳಲಿಲ್ಲ. ಕರೆಂಟ್ ಕಂಪನಿಯ ಫೋನಿನ ಕೋಣೆ. ಹನ್ನೊಂದು ವರ್ಷ. ಪ್ರತಿ ಚಳಿಗಾಲ ನಿಮ್ಮ ಕಡೆಯ ಹೆಂಗಸರು ಫೋನ್ ಮಾಡಿ ನಮ್ಮ ಎರಡು ಮೀಟರ್ ವಾಪಸು ಕೊಡಿ ಎಂದು ಅಳುತ್ತಿದ್ದರು. ಓದಿ ಹೇಳಲು ನಮಗೊಂದು ವಾಕ್ಯ ಕೊಟ್ಟಿದ್ದರು. ಅದನ್ನು ಓದಿ ಓದಿ ನನಗೆ ಬಾಯಿಪಾಠವಾಗಿತ್ತು. ಅವರು ಇಡುವ ಮೊದಲು ನಾವು ಫೋನ್ ಇಡಬಾರದು, ಅದು ನಿಯಮ. ಕೇಳಿಸಿಕೊಳ್ಳುತ್ತ ಕೂರಬೇಕಿತ್ತು.

ನೀವು ಬರೀ ನಂಬರ್ ಕಳಿಸಿದ್ದರೆ ನಾನು ತಡೆಯುತ್ತಿದ್ದೆನೇನೋ. ಕೆಳಗೆ ಹಲ್ಲು ಬಂದ ಮೇಲೆ ಫೋಟೋ ನೋಡೋಣ ಎಂದು ಬರೆದಿದ್ದಿರಿ. ಒಂದು ಫೋಟೋ, ಇಶ್ಬೆಲ್. ನನ್ನ ಮಗನ ಮಗಳು ಹಲ್ಲಿಲ್ಲದೆ ಹೇಗಿದ್ದಾಳೆಂದು ನೋಡುವ ಯೋಗ್ಯತೆಯೂ ನನಗಿಲ್ಲವೇ? ಅಮ್ಮನನ್ನು ಕಳೆದುಕೊಂಡ ಮಗುವನ್ನು ನೀವು ಬೀರುವಿನಲ್ಲಿಟ್ಟು ಬೀಗ ಹಾಕಿದಿರಿ. ನಾನು ಇನ್ನೊಂದು ಬಾಗಿಲಿನಿಂದ ಬಂದೆ, ಅಷ್ಟೇ. ಅದೂ ನೀವೇ ತೆರೆದ ಬಾಗಿಲು.

ಕ್ಯಾಶ್‌ಬ್ಯಾಕ್ ಸೋಮವಾರ ಖಾತೆಗೆ ಬಂತು. ಮಿರೆನ್‌ಗೇ ಖರ್ಚು ಮಾಡುತ್ತೇನೆಂದು ಮಾತು ಕೊಟ್ಟಿದ್ದೆ. ಅವಳ ರೈಲು ಟಿಕೆಟ್ ತೆಗೆದೆ. ಬರುವುದಕ್ಕೆ ಮಾತ್ರ.

ಥೆಲ್ಮಾ

*

ಕೆಟರಿಂಗ್
3 ಮಾರ್ಚ್ 2019

ಪ್ರಿಯ ಇಶ್ಬೆಲ್,

ನೀವು ಬರೆಯಲಿಲ್ಲ. ರೈಲು ನಿಲ್ದಾಣದಲ್ಲಿ ಮಗುವನ್ನು ಬಿಡುವಾಗ ನೀವು ಒಂದು ಹನಿ ಕಣ್ಣೀರು ಹಾಕಲಿಲ್ಲವೆಂದು ಗ್ಯಾವಿನ್ ಹೇಳಿದ. ಕಲ್ಲು ಮನಸ್ಸು ಎಂದ.

ಮಿರೆನ್ ಹೊಂದಿಕೊಂಡಿದ್ದಾಳೆ. ಕೆಮ್ಮು ಹೋಗಿದೆ. ಶಾಲೆಯಲ್ಲಿ ಒಳ್ಳೆಯ ಟೀಚರ್ ಇದ್ದಾರೆ. ಭಾನುವಾರ ಹುರಿದ ಕೋಳಿ ತಿನ್ನುತ್ತಾಳೆ. ಮಾತು ಸ್ವಲ್ಪ ಕಡಿಮೆ, ಹೊಸ ಜಾಗವಲ್ಲವೇ. ಮಲಗುವ ಹೊತ್ತಿನಲ್ಲಿ ಒಂದಿಷ್ಟು ಹಟ ಮಾಡುತ್ತಾಳೆ, ಎಲ್ಲ ಮಕ್ಕಳ ಹಾಗೆ. ತಾನಾಗಿ ಸರಿಹೋಗುತ್ತದೆ.

ಕವರಿನೊಳಗೆ ಅವಳ ಫೋಟೋ ಇಟ್ಟಿದ್ದೇನೆ. ನಾನು ನಿಮ್ಮಂಥವಳಲ್ಲ.

ಥೆಲ್ಮಾ

*

ಕೆಟರಿಂಗ್
24 ಮಾರ್ಚ್ 2019

ಇಶ್ಬೆಲ್,

ಈ ಕಾಗದವನ್ನು ಮೂರು ಸಲ ಬರೆದು ಹರಿದೆ. ದಯವಿಟ್ಟು ಓದಿ, ಓದಿದ ಮೇಲೆ ಬೇಕಾದರೆ ಬೈಯಿರಿ.

ಅದು ಹಟವಲ್ಲ. ದಿನಾ ಮಲಗುವ ಹೊತ್ತಿಗೆ ಮಿರೆನ್ ಹೊದಿಕೆಯಿಂದ ಒಂದು ಕೈ ಹೊರಗೆ ಚಾಚುತ್ತಾಳೆ. ಬಲಗೈ. ಅಂಗೈ ಮೇಲೆ ಮಾಡಿ, ಬೆರಳು ಬಿಚ್ಚಿ, ಕಣ್ಣು ಮುಚ್ಚಿ ಕಾಯುತ್ತಾಳೆ. ನಾನು ಕೈ ಹಿಡಿದೆ, ಎಳೆದುಕೊಂಡಳು. ಮುತ್ತು ಕೊಟ್ಟೆ, ಒರೆಸಿಕೊಂಡಳು. ಬಿಸ್ಕತ್ತು ಇಟ್ಟೆ, ಗೊಂಬೆ ಇಟ್ಟೆ, ಬೆರಳಿನಲ್ಲಿ ಚಕ್ರ ಬರೆದೆ, ಅಂಗೈಯಲ್ಲಿ ಆಡುವ ಆಟಗಳನ್ನೆಲ್ಲ ಆಡಿದೆ. ಪ್ರತಿ ಸಲವೂ "ಅದಲ್ಲ" ಅನ್ನುತ್ತಾಳೆ. ಮತ್ತೆ ಯಾವುದು ಚಿನ್ನ, ಹೇಳು ಎಂದರೆ, "ಹೇಳಿದ್ರೆ ಅದಾಗಲ್ಲ. ಅಜ್ಜಿಗೆ ಗೊತ್ತು" ಅನ್ನುತ್ತಾಳೆ. ಆಮೇಲೆ ಅಳು ಶುರು. ಸದ್ದಿಲ್ಲದ ಅಳು, ದೊಡ್ಡವರ ಹಾಗೆ. ಸದ್ದು ಮಾಡಿ ಅತ್ತಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಊಟ ಬಿಡುತ್ತಿದ್ದಾಳೆ. ಡಾಕ್ಟರ್ ತೂಕ ಇಳಿದಿದೆ ಎಂದರು. ಗ್ಯಾವಿನ್ನನಿಗೆ ಹೇಳಿದರೆ, "ಅಮ್ಮಾ, ನೀನೇ ತಾನೇ ಬೇಕು ಅಂದಿದ್ದು" ಎಂದು ಫೋನ್ ಇಟ್ಟ. ಅವಳನ್ನು ವಾಪಸು ಕಳಿಸಲು ಅವನು ಒಪ್ಪುವುದಿಲ್ಲ, ಸುಳ್ಳಿನ ಮಾತನ್ನೇ ಎತ್ತುತ್ತಾನೆ.

ಆ ಕೈಗೆ ಏನು ಬೇಕು? ಒಂದು ಸಾಲು ಬರೆಯಿರಿ. ನನಗಾಗಿ ಬೇಡ, ನಾನು ಕೇಳುವ ಮುಖವನ್ನೂ ಉಳಿಸಿಕೊಂಡಿಲ್ಲ. ಮಗುವಿಗಾಗಿ ಬರೆಯಿರಿ. ನಿಮ್ಮ ಹೀಟರ್ ಖರ್ಚು ಇನ್ನು ಮುಂದೆ ನಾನು ಕೊಡುತ್ತೇನೆ. ನೀವು ಎಷ್ಟು ಕೇಳಿದರೂ ಕೊಡುತ್ತೇನೆ.

ಥೆಲ್ಮಾ

*

ವಿಕ್
31 ಮಾರ್ಚ್ 2019

ಥೆಲ್ಮಾ,

ನಿನ್ನ ಕಾಗದವನ್ನು ಅವಳ ಮಂಚದ ಮೇಲೆ ಕೂತು ಓದಿದೆ.

ಆ ಕೈಗೆ ಏನು ಬೇಕೆಂದು ನನಗೆ ಗೊತ್ತು. ಕಟ್ರೀನ ಅದನ್ನು ಶುರು ಮಾಡಿದ್ದಳು, ಅವಳು ಹೋದ ಮೇಲೆ ನಾನು ಮಾಡುತ್ತಿದ್ದೆ. ಬಹಳ ಸಣ್ಣದು. ಕಾಸು ಖರ್ಚಿಲ್ಲ, ಒಂದು ನಿಮಿಷವೂ ಹಿಡಿಯುವುದಿಲ್ಲ. ಆದ ಮೇಲೆ ಕೈ ಒಳಗೆಳೆದುಕೊಂಡು ತಕ್ಷಣ ನಿದ್ದೆ ಹೋಗುತ್ತಾಳೆ.

ಬರೆದರೆ ನಾಳಿದ್ದೇ ನೀನು ಮಾಡುತ್ತೀಯ. ಮೊದಲ ದಿನ ಕಣ್ಣು ಬಿಟ್ಟು ನಿನ್ನನ್ನು ನೋಡುತ್ತಾಳೆ. ಒಂದು ವಾರಕ್ಕೆ ಊಟ ಮಾಡುತ್ತಾಳೆ. ಬೇಸಿಗೆ ಬರುವಷ್ಟರಲ್ಲಿ ಅದನ್ನು ಮೊದಲಿನಿಂದಲೂ ನೀನೇ ಮಾಡುತ್ತಿದ್ದೆ ಎಂದುಕೊಳ್ಳುತ್ತಾಳೆ. ಆರು ವರ್ಷದ ಮಗುವಿಗೆ ಎಷ್ಟು ನೆನಪಿರುತ್ತದೆ? ಅವಳಮ್ಮನ ದನಿಯೇ ಈಗ ಅವಳಿಗೆ ನೆನಪಿಲ್ಲ.

ಹೇಳುವುದಿಲ್ಲ, ಥೆಲ್ಮಾ.

ನಾಲ್ಕು ರಾತ್ರಿ ಯೋಚಿಸಿದೆ. ಪೆನ್ನು ಹಿಡಿದು ಒಂದು ಸಲ ಬರೆದೂ ಬಿಟ್ಟಿದ್ದೆ, ಆ ಹಾಳೆಯನ್ನು ಸುಟ್ಟೆ. ಅವಳು ಅಳುತ್ತಾಳೆ, ತೂಕ ಇಳಿಯುತ್ತದೆ ಎಂದು ನನಗೆ ಗೊತ್ತು. ಅವಳಜ್ಜಿ ನಾನು, ನನಗೆ ಗೊತ್ತಾಗದೇ ಇರುತ್ತದೆಯೇ? ಅಳಲಿ. ಇವತ್ತೂ ಕೈ ಚಾಚುತ್ತಾಳೆ, ನಾಳೆಯೂ ಚಾಚುತ್ತಾಳೆ. ಚಾಚುವಷ್ಟು ದಿನ ಅವಳು ನನ್ನವಳು.

ಇಶ್ಬೆಲ್